ಬ್ರಿಟನಿಯ ಹಳ್ಳಿಯಲ್ಲಿ ಹತ್ತೊಂಬತ್ತು ತಿಂಗಳು

(ಶತಮಾನೋತ್ಸವದ ಅಂಗವಾಗಿ ಜರಗಿದ ಹೆತ್ತವರ ಮತ್ತು ಹಳೆ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮುಖ್ಯೋಪಾಧ್ಯಾಯಿನಿಯವರು ಮಾಡಿದ ಭಾಷಣದ ಲಿಖಿತ ರೂಪ)



ಸಮಿತಿಯವರು ಮಧ್ಯಾಹ್ನದ ಊಟದ ಬೆನ್ನಿಗೇ ಬರುವ ಹೊತ್ತನ್ನು ನಮ್ಮ ಪಾಲಿಗೆ ಇಟ್ಟಿದ್ದಾರೆ. ಹೋಳಿಗೆ ಉಂಡು ಕುಳಿತ ಸಭೆಗೆ ಶಿಕ್ಷಣದ ಧ್ಯೇಯೋದ್ದೇಶಗಳನ್ನು ಬೋಧಿಸುವುದು ಕೇಳುವವರಿಗೂ ಕ್ಷೇಮವಲ್ಲ, ಹೇಳುವವರಿಗೂ ಕ್ಷೇಮವಲ್ಲ. ಕಾರ್ಯದರ್ಶಿಗಳು ಇದನ್ನು ಮೊದಲೇ ಗ್ರಹಿಸಿ, ‘ಟೀಚರೇ, ನೀವು ಫ್ರಾನ್ಸಿನ ಹಳ್ಳಿಯಲ್ಲಿ ಪಟ್ಟ ಪಾಡನ್ನೇ ಹೇಳಿ, ಜನ ನಿದ್ದೆ ಹೋಗಲಿಕ್ಕಿಲ್ಲ’ ಎಂದು ಸೂಚಿಸಿದರು. ಆ ಪಾಡುಗಳನ್ನು ಅಧ್ಯಾಪಕರ ಕೊಠಡಿಯಲ್ಲಿ ನಾವು ಹಲವು ಸಲ ಹೇಳಿ ನಗಿಸಿದ್ದುಂಟು. ಆದರೆ ಆ ಕಥೆಯ ಒಂದು ಭಾಗವನ್ನು ಈ ಶಾಲೆಯ ಆವರಣದಲ್ಲಿ ಇಂದಿನವರೆಗೆ ಯಾರೊಡನೆಯೂ ಹೇಳಿಲ್ಲ. ಅದನ್ನೂ ಸೇರಿಸಿ ಹೇಳುವುದಾದರೆ ಮಾತ್ರ ವೇದಿಕೆ ಏರುವುದೆಂದು ನಿಶ್ಚಯಿಸಿ ಬಂದಿದ್ದೇವೆ.

2002ನೇ ಇಸವಿ. ಆಗ ನಾವು ಇದೇ ಶಾಲೆಯಲ್ಲಿ ಕನ್ನಡ ಅಧ್ಯಾಪಿಕೆ. ಮನೆಯವರು ದೂರಸಂಪರ್ಕ ಕ್ಷೇತ್ರದ ಇಂಜಿನಿಯರರು. ಅವರನ್ನು ಕಂಪೆನಿಯವರು ಫ್ರಾನ್ಸಿನ ಲಾನ್ಯೋಂ ಎಂಬ ಸಣ್ಣ ಪಟ್ಟಣಕ್ಕೆ ಕಳುಹಿಸಿದರು. ಲಾನ್ಯೋಂ ಇರುವುದು ಫ್ರಾನ್ಸಿನ ವಾಯವ್ಯ ಮೂಲೆಯಲ್ಲಿ, ಅಟ್ಲಾಂಟಿಕ್ ಕಡಲಿಗೆ ಮೂಗು ಚಾಚಿದಂತಿರುವ ಬ್ರಿಟನಿ ಪ್ರಾಂತದಲ್ಲಿ. ಅದರ ಪಕ್ಕದ ಪ್ಲೊಮರ್-ಬೊದು ಎಂಬ ಊರಿನಲ್ಲಿ ಬಿಳಿಯ ದೊಡ್ಡ ಗುಮ್ಮಟವೊಂದಿದೆ. 1962ರ ಜುಲೈಯಲ್ಲಿ ಟೆಲ್‌ಸ್ಟಾರ್ ಉಪಗ್ರಹದ ಮೂಲಕ ಅಮೆರಿಕದಿಂದ ಸಾಗರ ದಾಟಿ ಬಂದ ದೂರದರ್ಶನದ ಚಿತ್ರವನ್ನು ಹಿಡಿದದ್ದು ಅಲ್ಲಿಯೇ. ಆ ಕಾಲದಿಂದಲೂ ಆ ಸೀಮೆಯಲ್ಲಿ ಒಂದು ಕಡೆ ದೂರಸಂಪರ್ಕದ ಪ್ರಯೋಗಶಾಲೆಗಳು, ಮತ್ತೊಂದು ಕಡೆ ಹೂಕೋಸಿನ ಗದ್ದೆಗಳು. ನಾವು ವೇತನರಹಿತ ರಜೆ ಪಡೆದು, ಆರು ವರ್ಷದ ಮಗಳನ್ನು ಕರೆದುಕೊಂಡು ಮನೆಯವರೊಂದಿಗೆ ಹೊರಟೆವು. ಪಟ್ಟಣದ ಬಾಡಿಗೆ ಎಟುಕದ ಕಾರಣ, ಹನ್ನೆರಡು ಕಿಲೋಮೀಟರು ದೂರದ ಹಳ್ಳಿಯೊಂದರಲ್ಲಿ ಕಗ್ಗಲ್ಲಿನ ಹಳೆಯ ರೈತಮನೆ ನಮ್ಮ ಪಾಲಿಗೆ ಬಂತು. ಒಂದು ಇಗರ್ಜಿ, ಒಂದು ಗ್ರಾಮ ಕಚೇರಿ, ಬ್ರೆಡ್ಡಿನ ಅಂಗಡಿಯೊಂದು, ಎರಡೇ ತರಗತಿಗಳ ಶಾಲೆ. ಇಷ್ಟಾದರೆ ಊರು ಮುಗಿಯಿತು.

ಪ್ಯಾರಿಸಿನಿಂದ ರೈಲು ಹಿಡಿದು ಪ್ಲುವಾರೆ ನಿಲ್ದಾಣದಲ್ಲಿ ಇಳಿದಾಗ ಅಕ್ಟೋಬರ್ 31ರ ಸಂಜೆ. ಮನೆಯವರ ಸಹೋದ್ಯೋಗಿಯೊಬ್ಬರು ಕಾರು ತಂದಿದ್ದರು. ಮರುದಿನ ಹಬ್ಬದ ರಜೆ, ಅಂಗಡಿಗಳು ತೆರೆಯುವುದಿಲ್ಲವೆಂದು ಹೇಳಿ ಅವರು ದೊಡ್ಡ ಅಂಗಡಿಯೊಂದರ ಮುಂದೆ ನಿಲ್ಲಿಸಿದರು. ಅದರ ಬಾಗಿಲಲ್ಲಿ ಕಂಡ ದೃಶ್ಯದಿಂದ ನಮ್ಮ ಪ್ರಯಾಣದ ಆಯಾಸವೆಲ್ಲ ಇಳಿಯಿತು. ನೂರಾರು ಕುಂಡಗಳಲ್ಲಿ ಸೇವಂತಿಗೆ! ಹಳದಿ, ಬಿಳಿ, ನೇರಳೆ. ನವೆಂಬರ್ ಒಂದು ಎಂದರೆ ನಮಗೆ ಕನ್ನಡ ರಾಜ್ಯೋತ್ಸವ. ಕಾಸರಗೋಡಿನ ನಮಗೆ 1956ರಲ್ಲಿ ಕೇರಳಕ್ಕೆ ಸೇರಿದ ದಿನವೂ ಹೌದು. ಅಂಥ ದಿನದ ಮುನ್ನಾಸಂಜೆ ಪರದೇಶದಲ್ಲಿ ಸೇವಂತಿಗೆ ಎದುರುಗೊಂಡಿತೆಂದು ಸಂಭ್ರಮಿಸಿ, ಅಕ್ಕಿ, ಹಾಲು, ಬಟಾಟೆಗಳೊಂದಿಗೆ ಹಳದಿಯ ಕುಂಡವೊಂದನ್ನು ಕೊಂಡೆವು. ನೆರೆಮನೆಯವರಿಗೆ ಬರಿಗೈಯಲ್ಲಿ ಮುಖ ತೋರಿಸಬಾರದಲ್ಲ. ಸಹೋದ್ಯೋಗಿಗಳು ಕುಂಡವನ್ನು ನೋಡಿದರು, ಏನೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಸೀರೆಯುಟ್ಟು, ಮಗಳ ಕೈಯಲ್ಲಿ ಕುಂಡ ಹಿಡಿಸಿ, ನೆರೆಮನೆಯ ಬಾಗಿಲು ತಟ್ಟಿದೆವು. ಎಪ್ಪತ್ತೆಂಟು ವರ್ಷದ ಅಜ್ಜಿ ಬಾಗಿಲು ತೆರೆದರು. ಕುಂಡವನ್ನು ನೋಡಿದರು, ನಮ್ಮನ್ನು ನೋಡಿದರು, ಮಗುವನ್ನು ಬಹಳ ಹೊತ್ತು ನೋಡಿದರು. ಅನಂತರ ಎರಡೂ ಕೈಗಳಲ್ಲಿ ಕುಂಡವನ್ನು ತೆಗೆದುಕೊಂಡು ಧನ್ಯವಾದ ಹೇಳಿದರು. ಅರ್ಧ ಗಂಟೆಯೊಳಗೆ ಅವರು ಕಪ್ಪು ಕೋಟು ತೊಟ್ಟು, ಕುಂಡವನ್ನು ಎದೆಗವಚಿಕೊಂಡು ಇಗರ್ಜಿಯ ಕಡೆಗೆ ನಡೆದು ಹೋಗುವುದು ನಮ್ಮ ಕಿಟಕಿಯಿಂದ ಕಾಣಿಸಿತು. ‘ನೋಡಿ, ನಾವು ಕೊಟ್ಟ ಹೂವು ದೇವರ ಮುಡಿಗೆ ಹೋಯಿತು’ ಎಂದು ಹಿಗ್ಗಿದೆವು.

ಮೂರು ವಾರಗಳ ಬಳಿಕ ನಿಜ ಸಂಗತಿ ತಿಳಿಯಿತು. ಫ್ರಾನ್ಸಿನಲ್ಲಿ ಸೇವಂತಿಗೆಯನ್ನು ಬದುಕಿದವರಿಗೆ ಕೊಡುವ ಪದ್ಧತಿ ಇಲ್ಲ. ನವೆಂಬರ್ ಒಂದು ಅವರ ಸಕಲ ಸಂತರ ಹಬ್ಬ. ಅಂದು ಮನೆಮಂದಿಯೆಲ್ಲ ಗೋರಿಗಳ ಬಳಿಗೆ ಹೋಗಿ ಸೇವಂತಿಗೆಯ ಕುಂಡಗಳನ್ನು ಇರಿಸುತ್ತಾರೆ. ವಯಸ್ಸಾದ ಹೆಂಗಸಿನ ಮನೆ ಬಾಗಿಲಿಗೆ ಸೇವಂತಿಗೆ ಒಯ್ಯುವುದೆಂದರೆ ನಮ್ಮಲ್ಲಿ ಯಾರದಾದರೂ ಮನೆಗೆ ಚಟ್ಟದ ಬಿದಿರು ಒಯ್ದು ಕೊಟ್ಟ ಹಾಗೆ. ನಮಗೆ ಎರಡು ದಿನ ಅನ್ನ ಸೇರಲಿಲ್ಲ. ಕಾರು ತಂದಿದ್ದ ಸಹೋದ್ಯೋಗಿಯನ್ನು ಕೇಳಿದರೆ, ‘ನಿಮ್ಮವರು ಯಾರೋ ಇಲ್ಲಿ ಮಣ್ಣಾಗಿದ್ದಾರೆಂದು ತಿಳಿದೆ, ಕೇಳುವುದು ಸಭ್ಯತೆಯಲ್ಲವೆಂದು ಸುಮ್ಮನಾದೆ’ ಎಂದರು.

ನಿಘಂಟು ಹಿಡಿದು ಕ್ಷಮಾಪಣೆಯ ವಾಕ್ಯಗಳನ್ನು ಬಾಯಿಪಾಠ ಮಾಡಿ ಅಜ್ಜಿಯ ಮನೆಗೆ ಹೋದೆವು. ನಾಲ್ಕನೆಯ ಪದಕ್ಕೇ ಅವರು ಕೈಯೆತ್ತಿ ತಡೆದರು. ಅವರ ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು. ಆ ವರ್ಷ ಮೊಣಕಾಲು ನೋವಿನಿಂದ ಪೇಟೆಗೆ ಹೋಗಲಾಗದೆ, ಗೋರಿಗೆ ಹೂವಿಲ್ಲವಲ್ಲ ಎಂದು ಅಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಕುಳಿತು ಕೊರಗುತ್ತಿದ್ದರಂತೆ. ‘ಆಗ ನಿಮ್ಮ ಮಗು ಬಾಗಿಲು ತಟ್ಟಿತು’ ಎಂದರು. ನಮ್ಮ ಅಪರಾಧಕ್ಕೆ ಇಂಥ ಪುಣ್ಯ ಸಿಕ್ಕಿದ್ದು ಅದೊಂದೇ ಸಲ. ಮಿಕ್ಕ ಅಪರಾಧಗಳಿಗೆಲ್ಲ ಸರಿಯಾಗಿಯೇ ದಂಡ ತೆತ್ತಿದ್ದೇವೆ.

ಹಬ್ಬ ಕಳೆದ ವಾರದ ಬುಧವಾರವನ್ನು ನಾವು ಮರೆಯುವಂತಿಲ್ಲ. ಮಂಗಳವಾರ ಮಗಳನ್ನು ಹಳ್ಳಿಯ ಶಾಲೆಗೆ ಸೇರಿಸಿ ಬಂದಿದ್ದೆವು. ಬುಧವಾರ ಬೆಳಿಗ್ಗೆ ಬುತ್ತಿ ಕಟ್ಟಿ, ಮಳೆಯಲ್ಲಿ ನೆನೆದು, ಶಾಲೆಗೆ ಹೋದರೆ ಗೇಟಿಗೆ ಬೀಗ. ಆ ದಿನಗಳಲ್ಲಿ ಅಲ್ಲಿಯ ಪ್ರಾಥಮಿಕ ಶಾಲೆಗಳಿಗೆ ಬುಧವಾರ ರಜೆ ಎಂಬುದನ್ನು ಯಾರೂ ನಮಗೆ ಹೇಳಿರಲಿಲ್ಲ. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆಂದು ಯಾರು ಯಾರಿಗೆ ಹೇಳುತ್ತಾರೆ? ಮನೆಗೆ ಮರಳಿ ಒದ್ದೆ ಬಟ್ಟೆ ಹಿಂಡುತ್ತಿದ್ದಾಗ, ಸರಿಯಾಗಿ ಹನ್ನೆರಡು ಗಂಟೆಗೆ, ಗ್ರಾಮ ಕಚೇರಿಯ ಮಾಡಿನ ಮೇಲಿಂದ ಸೈರನ್ ಕೂಗತೊಡಗಿತು. ಏರುತ್ತದೆ, ಇಳಿಯುತ್ತದೆ, ಮತ್ತೆ ಏರುತ್ತದೆ. ಮನೆಯವರು ಕೆಲಸಕ್ಕೆ ಹೋಗಿದ್ದರು. ಯುದ್ಧವೋ ಬೆಂಕಿಯೋ ಎಂದು ಬಗೆಹರಿಯದೆ, ಪಾಸ್‌ಪೋರ್ಟಿನ ಚೀಲವನ್ನೂ ಮಗಳನ್ನೂ ಎತ್ತಿಕೊಂಡು ಅಂಗಳಕ್ಕೆ ಓಡಿದೆವು. ನೆರೆಯ ಅಜ್ಜಿ ಕೋಳಿಗಳಿಗೆ ಕಾಳು ಹಾಕುತ್ತಿದ್ದರು. ನಮ್ಮನ್ನು ಕಂಡು ಗಡಿಯಾರ ತೋರಿಸಿದರು, ಮುಗುಳ್ನಕ್ಕರು, ಮತ್ತೆ ಕಾಳು ಹಾಕಿದರು. ಪ್ರತಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ ದೇಶದಾದ್ಯಂತ ಅಪಾಯಸೂಚಕ ಸೈರನ್ನುಗಳನ್ನು ಪರೀಕ್ಷಿಸುವುದು ಅಲ್ಲಿಯ ಕ್ರಮ. ಮುಂದಿನ ಸೋಮವಾರ, ನವೆಂಬರ್ ಹನ್ನೊಂದರಂದು, ಮಗಳು ಚೀಲ ಹೆಗಲಿಗೇರಿಸುವ ಮುನ್ನವೇ ಅಜ್ಜಿ ಬೇಲಿಯಾಚೆಯಿಂದ ಕೈಯಾಡಿಸಿದರು: ಇಂದೂ ರಜೆ. ಅದು ಮೊದಲನೆಯ ಮಹಾಯುದ್ಧ ಮುಗಿದ ದಿನ. ಆ ಪುಟ್ಟ ಹಳ್ಳಿಯ ಸ್ಮಾರಕದ ಕಲ್ಲಿನಲ್ಲಿ ಕೆತ್ತಿದ ಹೆಸರುಗಳು ಅಂದಿನ ಶಾಲೆಯ ಮಕ್ಕಳ ಸಂಖ್ಯೆಗಿಂತ ಹೆಚ್ಚಿದ್ದವು.

ಬ್ರೆಡ್ಡಿನ ಅಂಗಡಿಯಲ್ಲಿ ನಾವು ಪಡೆದ ಶಿಕ್ಷೆ ಬೇರೆ ಬಗೆಯದು. ಅಂಗಡಿಗೆ ಕಾಲಿಟ್ಟವರು ಮೊದಲು ‘ಬೊಂಜೂರ್’ ಎಂದು ನಮಸ್ಕರಿಸದೆ ಸಾಮಾನು ಕೇಳುವುದು ಅಲ್ಲಿ ಒರಟುತನ. ಅಂಗಡಿಯಾಕೆ ನಾವು ಕೇಳಿದ್ದು ಕಿವಿಗೇ ಬೀಳದವಳಂತೆ ನಿಂತು, ಗಟ್ಟಿಯಾಗಿ ‘ಬೊಂಜೂರ್’ ಎಂದು ಕಾಯುತ್ತಿದ್ದಳು. ಅಧ್ಯಾಪಿಕೆಯಾದ ನಮ್ಮನ್ನು ಒಂದನೆಯ ತರಗತಿಯ ಮಗುವಿನಂತೆ ನಿಲ್ಲಿಸಿದ್ದಳು! ಅದನ್ನು ಕಲಿತೆವು. ಆದರೆ ತಲೆಯಾಡಿಸುವ ನಮ್ಮ ಅಭ್ಯಾಸವನ್ನು ಬಿಡಲಾಗಲಿಲ್ಲ. ‘ಇನ್ನೊಂದು ಬೇಕೇ?’ ಎಂದರೆ ನಾವು ಹೌದೆಂದು ತಲೆಯನ್ನು ಅತ್ತಿತ್ತ ತೂಗುವೆವು, ಅವಳು ಬೇಡವೆಂದು ತಿಳಿದು ಮುಂದಿನವರನ್ನು ಕರೆಯುವಳು. ಎರಡು ಬ್ರೆಡ್ಡು ಬೇಕಾಗಿ ಒಂದನ್ನೇ ಹಿಡಿದು ಮರಳಿದ ದಿನಗಳಿಗೆ ಲೆಕ್ಕವಿಲ್ಲ. ಆ ವರ್ಷವೇ ಜನವರಿಯಲ್ಲಿ ಯೂರೋ ನಾಣ್ಯ ಬಂದಿದ್ದರಿಂದ ಲೆಕ್ಕದ ವಿಷಯದಲ್ಲಿ ಮಾತ್ರ ನಾವು ಒಬ್ಬಂಟಿಗರಾಗಿರಲಿಲ್ಲ. ನಮ್ಮ ಅಜ್ಜಿ ಯೂರೋವನ್ನು ಫ್ರಾಂಕಿಗೆ ತಿರುಗಿಸುವುದಷ್ಟೇ ಅಲ್ಲ, 1960ರಲ್ಲೇ ರದ್ದಾದ ಹಳೆಯ ಫ್ರಾಂಕಿಗೆ ತಿರುಗಿಸಿ, ಒಂದು ಜೊತೆ ಚಪ್ಪಲಿಗೆ ಸಾವಿರಾರು ಎಂದು ಎದೆ ಬಡಿದುಕೊಳ್ಳುತ್ತಿದ್ದರು.

ಇನ್ನು ಕಟ್ಟಿಗೆಯ ಕಥೆ. ಅಲ್ಲಿಯ ಮಳೆ ನಮ್ಮ ಆಟಿಯ ಮಳೆಯಂತೆ ಹೊಯ್ದು ನಿಲ್ಲುವಂಥದ್ದಲ್ಲ. ಜರಡಿಯಲ್ಲಿ ಹಿಟ್ಟು ಜಾಡಿಸಿದ ಹಾಗೆ ವಾರಗಟ್ಟಲೆ ಸೋನೆ. ಕಗ್ಗಲ್ಲಿನ ಗೋಡೆ ಮೂಳೆಯೊಳಗಿನ ಬಿಸಿಯನ್ನೂ ಹೀರುತ್ತದೆ. ಮನೆಯಲ್ಲಿದ್ದುದು ಕಟ್ಟಿಗೆಯ ಒಲೆ. ಕಟ್ಟಿಗೆಯನ್ನು ಅಲ್ಲಿ ಘನಮೀಟರಿನ ಲೆಕ್ಕದಲ್ಲಿ ಮಾರುತ್ತಾರೆ. ಒಂದು ಘನಮೀಟರಿಗೆ ಒಂದು ಸ್ಟೇರ್ ಎಂದು ಹೆಸರು. ನಮಗೆ ಬೇಕಾಗಿದ್ದುದು ಮೂರು ಸ್ಟೇರ್. ಆದರೆ ಊರವರ ಬಾಯಲ್ಲಿ ‘ಕೋರ್ದ್’ ಎಂಬ ಮಾತು ಕೇಳಿದ್ದ ಮನೆಯವರು, ಸ್ಥಳೀಯರಂತೆ ಮಾತನಾಡಿದರೆ ಬೆಲೆ ಇಳಿದೀತೆಂಬ ಆಸೆಯಿಂದ, ಫೋನಿನಲ್ಲಿ ‘ಮೂರು ಕೋರ್ದ್’ ಎಂದರು. ಆ ಸೀಮೆಯಲ್ಲಿ ಒಂದು ಕೋರ್ದ್ ಎಂದರೆ ಮೂರು ಸ್ಟೇರ್. ಶನಿವಾರ ಮಧ್ಯಾಹ್ನ ಟ್ರ್ಯಾಕ್ಟರು ಬಂತು. ಒಂಬತ್ತು ಘನಮೀಟರು ಓಕ್ ಮರದ ಸೀಳುಗಳನ್ನು ನಮ್ಮ ಗೇಟಿನ ಮುಂದೆ, ಊರಿನ ಏಕೈಕ ರಸ್ತೆಯ ಅರ್ಧಕ್ಕೆ ಸುರಿದು, ಶುಭಾಶಯ ಹೇಳಿ ಹೋಯಿತು. ಆ ತಿಂಗಳ ಉಳಿತಾಯವೂ ಅದರೊಂದಿಗೆ ಹೋಯಿತು.

ಹಾಲಿನ ಲಾರಿ ಬಂದು ನಿಂತಿತು. ಅದರ ಹಿಂದೆ ಮತ್ತೊಂದು ಕಾರು. ನಾವು ಮೂವರೂ ಎರಡೆರಡು ತುಂಡು ಹೊತ್ತು ಓಡಾಡುವುದನ್ನು ನೋಡಿ ಚಾಲಕ ಇಳಿದ. ಗದರಲು ಬಂದನೆಂದು ನಾವು ತಿಳಿದರೆ ಅವನು ತೋಳು ಮಡಚಿ ಕಟ್ಟಿಗೆ ಎತ್ತತೊಡಗಿದ. ಅಜ್ಜಿ ಯಾರ ಯಾರನ್ನೋ ಕೂಗಿ ಕರೆದರು. ಕತ್ತಲಾಗುವುದರೊಳಗೆ ಹತ್ತು ಹನ್ನೆರಡು ಮಂದಿ ಸೇರಿ ರಸ್ತೆಯನ್ನು ತೆರವು ಮಾಡಿ, ಗೋಡೆಯುದ್ದಕ್ಕೂ ಕಟ್ಟಿಗೆಯನ್ನು ಒಪ್ಪವಾಗಿ ಪೇರಿಸಿದರು. ಊರಿನಲ್ಲಿ ನಮ್ಮ ಪರಿಚಯವಾದದ್ದು ಅಂದೇ. ಕೊನೆಯಲ್ಲಿ ಒಬ್ಬ ಮುದುಕರು ಒಂದು ತುಂಡನ್ನು ಕೈಯಲ್ಲಿ ತೂಗಿ, ಹಸಿ ಮರ, ಎರಡು ವರ್ಷ ಒಣಗಿಸದೆ ಉರಿಸಬೇಡಿ ಎಂದರು. ನಾವು ಇರಬೇಕಾಗಿದ್ದದ್ದೇ ಎರಡು ವರ್ಷಕ್ಕಿಂತ ಕಡಿಮೆ! ಅವರ ಮಾತು ಮೀರಿ ಉರಿಸಲು ಹೋದ ರಾತ್ರಿ ಮನೆಯೆಲ್ಲ ಹೊಗೆ ತುಂಬಿ, ಕಿಟಕಿ ತೆರೆದು ಕೋಟು ತೊಟ್ಟುಕೊಂಡು ಮಲಗಿದೆವು. ಮರುದಿನ ಊರವರು ತಂತಮ್ಮ ಒಣ ಕಟ್ಟಿಗೆ ಕೊಟ್ಟು ನಮ್ಮ ಹಸಿ ಕಟ್ಟಿಗೆಯನ್ನು ಬದಲಿಗೆ ಕೊಂಡೊಯ್ದರು. ಯಾರೂ ತುಂಡುಗಳನ್ನು ಎಣಿಸಲಿಲ್ಲ.

ಊಟದ ವಿಷಯ ಹೇಳದಿದ್ದರೆ ನಮ್ಮ ಊರಿನವರಿಗೆ ತೃಪ್ತಿಯಾಗದು. ನಾವು ಸಸ್ಯಾಹಾರಿಗಳೆಂದು ತಿಳಿಸಿದಾಗ ಅಜ್ಜಿ ಅಕ್ಕರೆಯಿಂದ ತರಕಾರಿ ಸಾರು ತಂದರು. ಅದರಲ್ಲಿ ಬಿಳಿಯ ತುಂಡುಗಳು ತೇಲುತ್ತಿದ್ದವು. ಕೇಳಿದರೆ, ‘ಮಾಂಸವಲ್ಲ, ಬರೀ ಹಂದಿಯ ಕೊಬ್ಬು, ರುಚಿಗೆ’ ಎಂದರು. ನಮ್ಮ ಮುಖ ನೋಡಿ ಅವರೇ ನೊಂದುಕೊಂಡರು. ಆದರೆ ಅದೇ ಅಜ್ಜಿಯ ಮೂಲಕ ನಮಗೆ ಮಜ್ಜಿಗೆ ದೊರಕಿತು. ಬ್ರಿಟನಿಯವರು ‘ಲೆ ರಿಬೋ’ ಎಂದು ಕರೆಯುವ ಪಾನೀಯ ಅಪ್ಪಟ ಮಜ್ಜಿಗೆಯೇ. ಬೇಯಿಸಿದ ಬಟಾಟೆಯೊಂದಿಗೆ, ದೋಸೆಯೊಂದಿಗೆ ಕುಡಿಯುತ್ತಾರೆ. ದೋಸೆ ಎಂದದ್ದು ಬಾಯ್ತಪ್ಪಿ ಅಲ್ಲ. ಬಕ್‌ವೀಟ್ ಎಂಬ ಕಪ್ಪು ಧಾನ್ಯದ ಹಿಟ್ಟನ್ನು ನೀರು, ಕಲ್ಲುಪ್ಪು ಸೇರಿಸಿ ಕಲಸಿಟ್ಟು, ‘ಬಿಲಿಗ್’ ಎಂಬ ಬೀಡುಕಬ್ಬಿಣದ ದುಂಡು ಕಾವಲಿಯ ಮೇಲೆ ಹೊಯ್ದು, ‘ರೊಜೆಲ್’ ಎಂಬ ಮರದ ಪುಟ್ಟ ಹಲಗೆಯಿಂದ ತೆಳ್ಳಗೆ ಹರಡುತ್ತಾರೆ. ಮೊದಲ ದಿನ ಆ ಪರಿಮಳಕ್ಕೆ ನಮ್ಮ ಕಣ್ಣು ತುಂಬಿತ್ತು. ಲೆ ರಿಬೋ ಡಬ್ಬಿಯಿಂದ ನಾವು ಮಾಡಿದ ಮಜ್ಜಿಗೆಹುಳಿಯನ್ನು ಅಜ್ಜಿ ಎರಡು ಸಲ ಬಡಿಸಿಕೊಂಡರು.

ಹೀಗೆ ಚಳಿಗಾಲ ಕಳೆಯಿತು. ಸಣ್ಣ ಓಣಿಯಾದರೂ ಬಲಗಡೆಯಿಂದ ಬರುವ ವಾಹನಕ್ಕೆ ಮೊದಲು ದಾರಿ ಬಿಡಬೇಕೆಂಬ ಅಲ್ಲಿಯ ನಿಯಮವನ್ನು ಮನೆಯವರು ಒಂದು ಟ್ರ್ಯಾಕ್ಟರಿನಿಂದ ಕಲಿತರು. ನಮ್ಮ ಹಳೆಯ ಕಾರಿಗೆ ಒಂದು ದೀಪ ಹೋಯಿತು, ಅಷ್ಟೆ.

ಈಗ ನಾವು ಇದುವರೆಗೆ ಹೇಳದೆ ಉಳಿಸಿದ್ದ ಭಾಗಕ್ಕೆ ಬರುತ್ತೇವೆ. ನಾಲ್ಕೇ ತಿಂಗಳಲ್ಲಿ ಮಗಳು ಫ್ರೆಂಚ್ ಮಾತನಾಡತೊಡಗಿದಳು. ನಾವು ಅಂಗಡಿಗೆ ಹೋಗುವಾಗ ದುಭಾಷಿಯಾಗಿ ಅವಳನ್ನೇ ಕರೆದೊಯ್ಯುತ್ತಿದ್ದೆವು, ಹೆಮ್ಮೆಯಿಂದ. ಆರನೆಯ ತಿಂಗಳಿಗೆ ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಅವಳು ಫ್ರೆಂಚಿನಲ್ಲಿ ಉತ್ತರಿಸಲು ಆರಂಭಿಸಿದಳು. ಒಂದು ಸಂಜೆ ಶಾಲೆಯ ಗೇಟಿನಲ್ಲಿ, ‘ಬಾ ಮಗಾ, ಮಳೆ ಬಂತು’ ಎಂದು ಕರೆದಾಗ ಅವಳು ಹತ್ತಿರ ಬಂದು ಮೆಲ್ಲಗೆ, ‘ಅಮ್ಮಾ, ಇಲ್ಲಿ ಹಾಗೆ ಮಾತಾಡಬೇಡ’ ಎಂದಳು. ಅದು ಅವಳು ಆ ವಾರ ಆಡಿದ ಒಂದೇ ಕನ್ನಡ ವಾಕ್ಯವಾಗಿತ್ತು. ಯಾರೂ ಅವಳನ್ನು ಹೀಗಳೆದಿರಲಿಲ್ಲ. ಶಾಲೆಯ ಅಧ್ಯಾಪಿಕೆ ಬಹಳ ಒಳ್ಳೆಯವರು. ಆದರೂ ಮಗು ಎಲ್ಲಿಂದಲೋ ಅದನ್ನು ಹೆಕ್ಕಿಕೊಂಡಿತ್ತು. ನಾವು ಕನ್ನಡ ಎಂ.ಎ. ಪದವೀಧರರು, ಅಂದು ದಾರಿಯುದ್ದಕ್ಕೂ ಬಾಯಿ ತೆರೆಯದೆ ನಡೆದೆವು.

ಅಜ್ಜಿ ತಮ್ಮ ಹಿತ್ತಲಿನಿಂದ ಇದನ್ನು ಗಮನಿಸಿರಬೇಕು. ಒಂದು ದಿನ ನಮ್ಮನ್ನು ಕೂರಿಸಿ ತಮ್ಮ ಕಥೆ ಹೇಳಿದರು. ಅವರು ಹುಟ್ಟಿದ್ದು 1924ರಲ್ಲಿ. ನಮ್ಮ ಈ ಶಾಲೆ ಆರಂಭವಾದ ವರ್ಷವೇ. ಅವರ ಮನೆಮಾತು ಫ್ರೆಂಚ್ ಅಲ್ಲ, ಬ್ರೆಟನ್. ಸುಮಾರು ಐದು, ಆರನೆಯ ಶತಮಾನಗಳಲ್ಲಿ ಬ್ರಿಟನ್ ದ್ವೀಪದಿಂದ ಕಡಲು ದಾಟಿ ಬಂದವರ ಭಾಷೆ ಅದು. ವೇಲ್ಸಿನ ಭಾಷೆಗೆ ಹತ್ತಿರದ ನಂಟು. ಅವರು ಆರು ವರ್ಷಕ್ಕೆ ಶಾಲೆಗೆ ಹೋದಾಗ ಫ್ರೆಂಚಿನ ಒಂದು ಪದವೂ ಬರುತ್ತಿರಲಿಲ್ಲ. ಶಾಲೆಯಲ್ಲಿ ಬ್ರೆಟನ್ ಆಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಹಳೆಯ ಮರದ ಪಾದುಕೆಯೊಂದನ್ನು ತೂಗುಹಾಕುತ್ತಿದ್ದರು. ‘ಹಸು’ ಎಂದು ಅದಕ್ಕೆ ಹೆಸರು. ಆ ಮಗು ಬ್ರೆಟನ್ ಆಡುವ ಮತ್ತೊಂದು ಮಗುವನ್ನು ಹಿಡಿದುಕೊಟ್ಟರೆ ಪಾದುಕೆ ಅದರ ಕೊರಳಿಗೆ ದಾಟುತ್ತಿತ್ತು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಶಿಕ್ಷೆ. ‘ನಾನು ನನ್ನ ತಂಗಿಯನ್ನು ಹಿಡಿದುಕೊಟ್ಟಿದ್ದೇನೆ’ ಎಂದರು ಅಜ್ಜಿ.

ತನ್ನ ಮಗಳಿಗೆ ಆ ಪಾಡು ಬೇಡವೆಂದು ಅವರು ಅವಳೊಡನೆ ಫ್ರೆಂಚನ್ನೇ ಆಡಿದರು. ಮನೆಯಲ್ಲಿದ್ದ ಮುದಿ ತಾಯಿಗೆ ಬರುತ್ತಿದ್ದುದು ಬ್ರೆಟನ್ ಮಾತ್ರ. ಆ ತಾಯಿ ತೀರಿಕೊಂಡ ದಿನ ಇವರು ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದರು. ಹಾಸಿಗೆಯ ಬಳಿ ಇದ್ದವಳು ಮೊಮ್ಮಗಳು. ಮುದುಕಿ ಅವಳ ಕೈ ಹಿಡಿದು ಏನನ್ನೋ ಬಹಳ ಹೊತ್ತು ಹೇಳಿದರಂತೆ. ಹುಡುಗಿಗೆ ಅರ್ಥವಾಗಲಿಲ್ಲ. ಹಟ್ಟಿಗೆ ಓಡಿ ಬಂದು ಕರೆದಳು. ಇವರು ಬರುವಷ್ಟರಲ್ಲಿ ಮಾತು ನಿಂತಿತ್ತು. ‘ಆಕೆ ಏನು ಹೇಳಿದಳೆಂದು ಇಂದಿಗೂ ಯಾರಿಗೂ ಗೊತ್ತಿಲ್ಲ’ ಎಂದು ಹೇಳಿ ಅಜ್ಜಿ ಕಾಫಿ ಕಾಯಿಸಲು ಎದ್ದರು.

ಆ ಹುಡುಗಿ, ಅಂದರೆ ಅಜ್ಜಿಯ ಮಗಳು, ಬೆಳೆದು ತನ್ನ ಮಗನನ್ನು ಲಾನ್ಯೋಂನ ದಿವಾನ್ ಶಾಲೆಗೆ ಸೇರಿಸಿದ್ದಳು. ಹಳೆಯ ಸಂಸ್ಥಾನಗಳ ದಿವಾನರಿಗೂ ಇದಕ್ಕೂ ಸಂಬಂಧವಿಲ್ಲ. ಬ್ರೆಟನ್ ಭಾಷೆಯಲ್ಲಿ ದಿವಾನ್ ಎಂದರೆ ಮೊಳಕೆ. ಫ್ರೆಂಚ್ ಸರಕಾರ 1951ರ ಕಾನೂನಿನಿಂದ ಪ್ರಾದೇಶಿಕ ಭಾಷೆಗಳನ್ನು ಕಲಿಸಲು ಅಷ್ಟಿಷ್ಟು ಅವಕಾಶ ಕೊಟ್ಟಿತಾದರೂ, ಬ್ರೆಟನ್ ಮಾಧ್ಯಮದ ಮೊದಲ ಶಿಶುತರಗತಿ ಆರಂಭವಾದದ್ದು 1977ರಲ್ಲಿ, ಬ್ರೆಸ್ಟ್ ನಗರದ ಬಳಿಯ ಹಳ್ಳಿಯೊಂದರಲ್ಲಿ, ಹೆತ್ತವರದೇ ಪ್ರಯತ್ನದಿಂದ. ಒಂಬತ್ತು ವರ್ಷದ ಆ ಹುಡುಗ ಭಾನುವಾರ ಬಂದಾಗ ಅಜ್ಜಿ ಮೊಮ್ಮಗ ಬ್ರೆಟನ್ನಿನಲ್ಲಿ ಹರಟುತ್ತಿದ್ದರು. ನಡುವೆ ಕುಳಿತ ತಾಯಿ ಅರ್ಧಂಬರ್ಧ ತಿಳಿದು ನಗುತ್ತಿದ್ದಳು. ನಮ್ಮ ಮಗಳೂ ಅವನೊಂದಿಗೆ ಆಡುತ್ತಿದ್ದಳು. ಅಜ್ಜಿ ಇಬ್ಬರಿಗೂ ಎಣಿಕೆಯ ಪಂಥ ಕಟ್ಟಿದರು. ಉನಾನ್, ದೌ, ತ್ರಿ, ಪೆವಾರ್, ಪೆಂಪ್ ಎಂದು ಅವನು. ಒಂದು, ಎರಡು, ಮೂರು ಎಂದು ಇವಳು. ಅವರ ಒಂಬತ್ತಕ್ಕೆ ‘ನಾವ್’ ಎನ್ನುತ್ತಾರೆ. ಸಂಸ್ಕೃತದ ನವಕ್ಕೂ ಅದಕ್ಕೂ ದೂರದ ಬಳಗವೆಂಬುದು ಭಾಷಾಶಾಸ್ತ್ರದ ಮಾತು. ಮಗಳಿಗೆ ಅದೆಲ್ಲ ತಿಳಿಯದು. ‘ಅಮ್ಮಾ, ಅವನು ನಾವು ನಾವು ಅಂತಾನೆ!’ ಎಂದು ಕುಣಿದಳು. ಅವಳು ಕನ್ನಡದಲ್ಲಿ ಕುಣಿದು ಎಷ್ಟೋ ತಿಂಗಳಾಗಿತ್ತು.

ಜೂನ್ ತಿಂಗಳಲ್ಲಿ ಆ ಶಾಲೆಯ ಖರ್ಚಿಗಾಗಿ ಹೆತ್ತವರು ಒಂದು ಜಾತ್ರೆ ನಡೆಸಿದರು. ದೋಸೆ ಬಲ್ಲವರೆಂದು ನಮ್ಮನ್ನೂ ಕಾವಲಿಯ ಮುಂದೆ ನಿಲ್ಲಿಸಿದರು. ಕೈಗೆ ರೊಜೆಲ್ ಕೊಟ್ಟರೂ ನಮ್ಮ ಕೈ ನೀರುದೋಸೆಯದು. ಅಂಚಿನಿಂದ ಹಿಟ್ಟು ಚೆಲ್ಲಿಬಿಟ್ಟಿತು. ಹಿಟ್ಟು ಕೂಡಿಕೊಳ್ಳದೆ ನೂರು ತೂತಿನ ಪದಾರ್ಥವೊಂದು ಸಿದ್ಧವಾಯಿತು. ನಾಚಿ ಬಿಸಾಡಲು ಹೊರಟರೆ ಒಬ್ಬರು ತಡೆದು, ‘ಭಾರತದ ಲೇಸ್ ದೋಸೆ’ ಎಂದು ಕೂಗಿ ಮಾರಿದರು. ಅಂದು ಹರಿದ ದೋಸೆಗಳೇ ಹೆಚ್ಚು ಖರ್ಚಾದವು. ಸಂಜೆ ಮೇಜಿನ ಮೇಲೆ ಚಿಲ್ಲರೆ ಎಣಿಸುತ್ತಿದ್ದ ಹೆತ್ತವರನ್ನು ನೋಡಿದಾಗ ನಮಗೆ ತಲೆಯೆತ್ತಲಾಗಲಿಲ್ಲ.

ಕಾರಣ ಇಷ್ಟೇ. ಫ್ರಾನ್ಸಿಗೆ ಹೊರಡುವ ಮುನ್ನ ನಾವು ಪೇಟೆಯ ಆಂಗ್ಲ ಮಾಧ್ಯಮ ಶಾಲೆಯೊಂದರಲ್ಲಿ ಮಗಳಿಗೆ ಸ್ಥಾನ ಕಾದಿರಿಸಿ, ಮುಂಗಡ ಹಣ ಕಟ್ಟಿದ್ದೆವು. ಇಲ್ಲಿ ಕರಿಹಲಗೆಯ ಮುಂದೆ ನಿಂತು ನಿಮ್ಮ ಮಕ್ಕಳಿಗೆ ಕನ್ನಡ ಕಲಿಸುತ್ತಿದ್ದ ಕಾಲದಲ್ಲೇ. ಮನೆ ಮನೆಗೆ ನಡೆದು, ‘ಮಗುವನ್ನು ನಮ್ಮ ಶಾಲೆಗೆ ಕಳುಹಿಸಿ’ ಎಂದು ಕೇಳುತ್ತಿದ್ದ ಕಾಲದಲ್ಲೇ. ಇಲ್ಲಿ ಕುಳಿತಿರುವ ಕೆಲವು ಹೆತ್ತವರು ಅಂದು ನಮ್ಮ ಮಾತನ್ನು ನಂಬಿ ಮಕ್ಕಳನ್ನು ಕಳುಹಿಸಿದವರು. ಅವರೆದುರು ಇದನ್ನು ಹೇಳಲು ನಮಗೆ ಇಪ್ಪತ್ತು ವರ್ಷ ಬೇಕಾಯಿತು.

2004ರ ಮೇ ತಿಂಗಳಲ್ಲಿ ಮರಳಿದೆವು. ಜೂನ್ ಒಂದರಂದು ಮಗಳು ಈ ಶಾಲೆಯ ಮೂರನೆಯ ತರಗತಿಯಲ್ಲಿ ಕುಳಿತಳು. ಮುಂಗಡ ಹಣ ಹಿಂದಿರುಗಲಿಲ್ಲ. ಇದನ್ನು ಗೆಲುವಿನ ಕಥೆಯೆಂದು ನಾವು ಹೇಳುತ್ತಿಲ್ಲ. ಮೊದಲ ಪರೀಕ್ಷೆಯಲ್ಲಿ ಕನ್ನಡ ಅಧ್ಯಾಪಿಕೆಯ ಮಗಳಿಗೆ ಕನ್ನಡದಲ್ಲಿಯೇ ಅತಿ ಕಡಿಮೆ ಅಂಕ. ಹತ್ತನೆಯ ತರಗತಿ ಮುಗಿಸಿ ವಿಜ್ಞಾನಕ್ಕೆ ಹೋದಾಗ ಇಂಗ್ಲಿಷಿನಿಂದಾಗಿ ಎರಡು ವರ್ಷ ಅವಳು ಬಹಳ ಕಷ್ಟಪಟ್ಟಳು. ಒಂದೆರಡು ರಾತ್ರಿ ನಮ್ಮ ಮೇಲೆ ರೇಗಿಯೂ ಇದ್ದಾಳೆ. ನಾವು ಮಾಡಿದ್ದು ಸರಿಯೇ ಎಂದು ಅವಳನ್ನು ಕೇಳಿಲ್ಲ. ಅವಳೂ ಹೇಳಿಲ್ಲ. ಈಗ ದೂರದ ಊರಿನಲ್ಲಿ ಕೆಲಸದಲ್ಲಿದ್ದಾಳೆ. ನಮಗೆ ಕಾಗದ, ಸಂದೇಶ ಏನು ಬರೆದರೂ ಕನ್ನಡ ಲಿಪಿಯಲ್ಲೇ ಬರೆಯುತ್ತಾಳೆ, ಒತ್ತಕ್ಷರಗಳ ತಪ್ಪುಗಳ ಸಮೇತ. ತಿದ್ದುವ ಚಪಲವನ್ನು ನಾವು ಬಹಳ ಕಷ್ಟದಿಂದ ತಡೆದುಕೊಳ್ಳುತ್ತೇವೆ.

ಹೊರಡುವ ದಿನ ಅಜ್ಜಿ ತಮ್ಮ ರೊಜೆಲನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ‘ಕೆನಾವೊ’ ಎಂದರು, ಅವರ ಭಾಷೆಯಲ್ಲಿ ಹೋಗಿ ಬನ್ನಿ ಎಂದರ್ಥ. ಆ ಹಲಗೆ ನಮ್ಮ ಅಡುಗೆಮನೆಯ ಗೋಡೆಯಲ್ಲಿದೆ. ಅದರಿಂದ ನೀರುದೋಸೆ ಮಾಡಲು ಇಂದಿಗೂ ಸಾಧ್ಯವಾಗಿಲ್ಲ.

2011ರ ಸೆಪ್ಟೆಂಬರಿನಲ್ಲಿ ಮೊಮ್ಮಗ ಪತ್ರ ಬರೆದ. ಅಜ್ಜಿ ತೀರಿಕೊಂಡಿದ್ದರು. ಕೊನೆಯ ದಿನಗಳಲ್ಲಿ ಅವರು ಬ್ರೆ‍ಟನ್ನಿನಲ್ಲೇ ಮಾತನಾಡುತ್ತಿದ್ದರಂತೆ. ಅವನು ಪಕ್ಕದಲ್ಲಿ ಕುಳಿತು ಕೇಳುತ್ತಿದ್ದನಂತೆ. ಏನು ಹೇಳಿದರೆಂದು ಅವನು ಬರೆದಿರಲಿಲ್ಲ, ನಾವೂ ಕೇಳಲಿಲ್ಲ. ನಮ್ಮ ಪರವಾಗಿ ನವೆಂಬರ್ ಒಂದರಂದು ಗೋರಿಗೆ ಸೇವಂತಿಗೆಯ ಕುಂಡವೊಂದನ್ನು ಇಡಬಹುದೇ ಎಂದು ಮಗಳ ಕೈಯಿಂದ ಬರೆಯಿಸಿದೆವು. ಯಾವ ಬಣ್ಣದ್ದು ಎಂದು ಕೇಳಿದ. ಹಳದಿ ಎಂದೆವು.